ಪುಟ ೧೮೧ರಿಂದ ೧೩೧ರವರೆಗೆ

ಅಧ್ಯಕ್ಷತೆ ವಹಿಸಿರುವ ನಮ್ಮ ನಿರ್ದೇಶಕರೇ, ಹೇಳಿದ ಸಮಯಕ್ಕೆ ಸರಿಯಾಗಿ ಮಾತು ಮುಗಿಸಿ ನಮ್ಮೆಲ್ಲರನ್ನೂ ನಾಚಿಸಿದ ಮುಖ್ಯ ಅತಿಥಿಗಳೇ, ತಮಗಾಗಿಯೇ ನಡೆಯುತ್ತಿರುವ ಸಮಾರಂಭದಲ್ಲಿ ವೇದಿಕೆಯ ತುದಿಯ ಕುರ್ಚಿಯನ್ನು ಹುಡುಕಿಕೊಂಡು ಕುಳಿತಿರುವ ಮೇಡಂ ಅವರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿರುವ ದೂರದೃಷ್ಟಿಯುಳ್ಳ ಸಭಿಕರೇ,

ನನಗೆ ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ಗೋಡೆಯ ಗಡಿಯಾರದಲ್ಲಿ ಈಗ ನಾಲ್ಕಕ್ಕೆ ಹತ್ತು ನಿಮಿಷ, ನನ್ನ ಕೈಗಡಿಯಾರದಲ್ಲಿ ಎಂಟೇ ನಿಮಿಷ. ಯಾವುದನ್ನು ನಂಬಬೇಕೋ ತಿಳಿಯದು. ನನ್ನ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಿಂತ ಗಡಿಯಾರ ಬಂದರೆ ಅವರಿಗೆ ಸಂತೋಷ. ಸರಿಯಾಗಿ ನಡೆಯುವುದು ಬಂದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. "ಸರಿಯಾಗಿ ನಡೀತಿದೆ ಅಂದ್ರೆ ಒಳಗೆ ಎಲ್ಲೋ ಏನೋ ಬಚ್ಚಿಟ್ಟುಕೊಂಡಿದೆ" ಎನ್ನುತ್ತಿದ್ದರು. ನಾನು ಅವರ ಮಗ. ತಂತ್ರಾಂಶ ಪರೀಕ್ಷಕನಾದದ್ದು ಆಶ್ಚರ್ಯವಲ್ಲ. ಬೇರೆಯವರು ಬರೆದ ಪ್ರೋಗ್ರಾಂ ಸರಿಯಿಲ್ಲ ಎಂದು ಊಹಿಸಿಕೊಂಡು ಕೆಲಸ ಶುರುಮಾಡುವುದೇ ನನ್ನ ವೃತ್ತಿ. ವಿದ್ಯಾರ್ಥಿಗಳು ನನಗೆ 'ಎರಡು ಸಲ' ಎಂದು ಹೆಸರಿಟ್ಟಿದ್ದಾರೆ, ಏನು ತಂದು ತೋರಿಸಿದರೂ ಎರಡು ಸಲ ನೋಡಿದೆಯಾ ಎಂದು ಕೇಳುತ್ತೇನಂತೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಮನೆಯಲ್ಲಿ ನನ್ನ ಹೆಂಡತಿ ಹೇಳುವುದು ಇನ್ನೂ ನೇರ: "ನೀವು ಕನ್ನಡಿಯಲ್ಲಿ ಕಂಡವನನ್ನೂ ಗುರುತಿನ ಚೀಟಿ ಕೇಳ್ತೀರ."

ಇಂಥವನನ್ನು ಅಭಿನಂದನಾ ಭಾಷಣಕ್ಕೆ ಯಾಕೆ ಕರೆದರು? ಕರೆದವರು ಸಮಾರಂಭದ ಸಮಿತಿಯವರಲ್ಲ. ಸ್ವತಃ ಮೇಡಂ. "ಮಾತಾಡೋದು ಅವನೇ ಆಗಲಿ, ಬೇರೆಯವರು ಬೇಡ" ಎಂದರಂತೆ. ಈ ಮಾತು ಕೇಳಿ ಹದಿನೆಂಟು ದಿನವಾಯಿತು. ಹದಿನೆಂಟು ದಿನದಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ. ಪ್ರೀತಿಯೇ? ಹಿರಿತನದ ಲೆಕ್ಕವೇ? ಅಥವಾ ಬೇರೆ ಏನಾದರೂ ಇದೆಯೇ?

ಇರಲಿ. ಮೊದಲು ಕರ್ತವ್ಯ.

ಮುಂದಿನ ಸಾಲಿನಲ್ಲಿ ಮೇಡಂ ಅವರ ತಂಗಿ, ತಂಗಿಯ ಮಕ್ಕಳು ಇದ್ದಾರೆ. ಅವರಿಗಾಗಿ ಒಂದು ವಿವರಣೆ. ನಮ್ಮ ಲೋಕದಲ್ಲಿ ಒಬ್ಬರು ಸಂಶೋಧನಾ ಲೇಖನ ಬರೆಯುತ್ತಾರೆ. ಅದನ್ನು ಬಳಸಿಕೊಂಡ ಇನ್ನೊಬ್ಬರು ತಮ್ಮ ಲೇಖನದ ಕೊನೆಯ ಪಟ್ಟಿಯಲ್ಲಿ ಅದರ ಹೆಸರು, ವರ್ಷ, ಪುಟಸಂಖ್ಯೆ ಕೊಡುತ್ತಾರೆ. ಅದು ಒಂದು ಉಲ್ಲೇಖ. ಉಲ್ಲೇಖ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು. ಮೇಡಂ ಇಪ್ಪತ್ತೆರಡು ವರ್ಷಗಳ ಹಿಂದೆ ಬರೆದ ಒಂದು ಲೇಖನಕ್ಕೆ ಇಂದಿಗೆ ಒಂಬತ್ತು ಸಾವಿರದ ನಾಲ್ಕುನೂರ ಹನ್ನೆರಡು ಉಲ್ಲೇಖಗಳಿವೆ. ಅವರು ಬರೆದದ್ದು ಒಟ್ಟು ಮೂವತ್ತೊಂದು ಲೇಖನ. ನಾನು ಬರೆದದ್ದು ನೂರ ನಾಲ್ಕು. ನನ್ನ ನೂರ ನಾಲ್ಕಕ್ಕೂ ಸೇರಿ ಬಂದಿರುವುದು ಐನೂರ ಎಂಬತ್ತೇಳು, ಇವತ್ತು ಬೆಳಿಗ್ಗೆ ಎಂಟು ಗಂಟೆಗೆ. ಸಂಖ್ಯೆ ಬಾಯಿಗೆ ಬಂದದ್ದು ಆಕಸ್ಮಿಕ. ನಾನೇನೂ ದಿನಾ ನೋಡುವುದಿಲ್ಲ. ಹಲ್ಲುಜ್ಜುವುದಕ್ಕೆ ಮುಂಚೆ ಒಮ್ಮೆ, ಅಷ್ಟೇ.

ಆ ಲೇಖನದಲ್ಲಿ ಏನಿದೆ? ಪ್ರೋಗ್ರಾಂ ಬರೆಯುವವರು ಒಂದು ಕಡೆ ಕೆಲಸ ಮಾಡಿದ ಸಾಲುಗಳನ್ನು ಎತ್ತಿ ಇನ್ನೊಂದು ಕಡೆ ಅಂಟಿಸುತ್ತಾರೆ. ಅಲ್ಲಿಂದ ಮತ್ತೊಂದು ಕಡೆಗೆ. ಮೊದಲ ಪ್ರತಿಯಲ್ಲಿ ಒಂದು ದೋಷವಿದ್ದರೆ ಅದೂ ಜೊತೆಗೇ ಪ್ರಯಾಣ ಮಾಡುತ್ತದೆ. ಯಾರೋ ಒಬ್ಬರು ತಮ್ಮ ಪ್ರತಿಯನ್ನು ತಿದ್ದಿಕೊಳ್ಳುತ್ತಾರೆ, ಉಳಿದ ಕಡೆ ಅದು ಹಾಯಾಗಿ ಇರುತ್ತದೆ. ಮೇಡಂ ನಲವತ್ತು ದೊಡ್ಡ ತಂತ್ರಾಂಶಗಳನ್ನು ಸಾಲು ಸಾಲಾಗಿ ಬಿಚ್ಚಿ ಇದನ್ನು ತೋರಿಸಿದರು. ಈಗ ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನ್ನಿಸುತ್ತದೆ. ಅವರು ಬರೆದದ್ದರಿಂದ ಗೊತ್ತಾದದ್ದು.

ಈಗ ದಯವಿಟ್ಟು ಎಲ್ಲರೂ ನನ್ನ ಹಿಂದಿರುವ ಬ್ಯಾನರನ್ನು ನೋಡಿ. ಲೇಖನದ ಹೆಸರು, ವರ್ಷ, ಸಂಪುಟ, ಕೊನೆಯಲ್ಲಿ ಪುಟಸಂಖ್ಯೆ. ಸಮಿತಿಯವರು ಚೆನ್ನಾಗಿ ಮಾಡಿಸಿದ್ದಾರೆ, ದೊಡ್ಡ ಅಕ್ಷರ. ಪುಟಸಂಖ್ಯೆಯನ್ನು ಯಾರಾದರೂ ಗಟ್ಟಿಯಾಗಿ ಓದುತ್ತೀರಾ?

ಹೌದು. ನೂರ ಎಂಬತ್ತೊಂದರಿಂದ ನೂರ ಮೂವತ್ತೊಂದು.

ಈಗ ನಗುತ್ತಿದ್ದೀರಿ. ಮೂರು ಗಂಟೆಯಿಂದ ಇದರ ಎದುರಿಗೇ ಕುಳಿತಿದ್ದೀರಿ, ಆಗ ನಗಲಿಲ್ಲ.

ಇದನ್ನು ನನಗೆ ಮೊದಲು ತೋರಿಸಿದವಳು ನನ್ನ ವಿದ್ಯಾರ್ಥಿನಿ. ಎರಡು ವರ್ಷದ ಹಿಂದೆ, ನನ್ನ ಕೋಣೆಯಲ್ಲಿ, ಅವಳ ಪ್ರಬಂಧದ ಕರಡು ನಮ್ಮಿಬ್ಬರ ನಡುವೆ ಮೇಜಿನ ಮೇಲಿತ್ತು. "ಸರ್, ದೊಡ್ಡಮ್ಮನ ಲೇಖನಾನ ಹಿಂದಿನಿಂದ ಮುಂದಕ್ಕೆ ಓದ್ಬೇಕಾ?" ಎಂದಳು. ಕ್ಷಮಿಸಿ ಮೇಡಂ, ವಿದ್ಯಾರ್ಥಿಗಳು ತಮ್ಮನ್ನು ದೊಡ್ಡಮ್ಮ ಎನ್ನುತ್ತಾರೆ, ತಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಎಲ್ಲಿಂದ ತಗೊಂಡೆ ಈ ಸಂಖ್ಯೆ ಎಂದು ಕೇಳಿದೆ. "ಎಲ್ಲರೂ ಹಾಕಿದಾರಲ್ಲ ಸರ್" ಎಂದಳು.

ಆ 'ಎಲ್ಲರೂ' ಎಂಬ ಪದ ನನ್ನನ್ನು ಹಿಡಿದುಕೊಂಡಿತು. ಯಾರು ಎಲ್ಲರೂ? ನಾನು ಎಣಿಸಲು ಕುಳಿತೆ. ಐದು ತಿಂಗಳು ಬೇಕಾಯಿತು. ಮೂರು ಸಾವಿರದ ನೂರ ಏಳು ಲೇಖನಗಳು ಇದೇ ಹಿಂದುಮುಂದಾದ ಪುಟಗಳನ್ನು ಕೊಟ್ಟಿದ್ದವು. ಇನ್ನೂರ ಹದಿನಾರು ಮಂದಿ ಪುಣ್ಯಾತ್ಮರಿಗೆ ಏನೋ ಸರಿಯಿಲ್ಲ ಅನ್ನಿಸಿ, ನೂರ ಎಂಬತ್ತೊಂದರಿಂದ ಇನ್ನೂರ ಮೂವತ್ತೊಂದು ಎಂದು ತಾವೇ ತಿದ್ದಿ, ಲೇಖನವನ್ನು ಐವತ್ತೊಂದು ಪುಟಕ್ಕೆ ಬೆಳೆಸಿದ್ದರು. ಉಳಿದ ಹೆಚ್ಚಿನವರು ಪುಟವನ್ನೇ ಕೊಟ್ಟಿರಲಿಲ್ಲ. ಅಂತರ್ಜಾಲದ ಸೂಚಿಯಲ್ಲೂ ಅದೇ ತಪ್ಪು, ನಮ್ಮ ವಿಭಾಗದ ಜಾಲತಾಣದಲ್ಲೂ ಅದೇ. ಸರಿಯಾದ ಸಂಖ್ಯೆ ಎಲ್ಲಿಯೂ ಇರಲಿಲ್ಲ, ಮುದ್ರಿತ ಸಂಪುಟದ ಹೊರತು.

ಇದನ್ನು ಕಂಡರೆ ಏನನ್ನಿಸುತ್ತದೆ? ಮೂರು ಸಾವಿರ ಜನ ಒಂದೇ ತಪ್ಪನ್ನು ಮಾಡುತ್ತಾರೆಯೇ? ಇದರ ಹಿಂದೆ ಒಂದೇ ಕೈ ಇರಬಹುದಲ್ಲವೇ? ನೀನು ನನ್ನದನ್ನು ಉಲ್ಲೇಖಿಸು, ನಾನು ನಿನ್ನದನ್ನು ಎಂದು ಒಂದು ಪಟ್ಟಿಯನ್ನು ಹಂಚಿಕೊಳ್ಳುವ ಕೂಟಗಳು ನಮ್ಮಲ್ಲಿ ಇಲ್ಲವೆಂದಲ್ಲ. ಹಾಗೆ ಯೋಚಿಸಿದವನನ್ನು ತಪ್ಪು ಎನ್ನಲಾದೀತೇ? ಸುಮ್ಮನೆ ಕೇಳುತ್ತಿದ್ದೇನೆ.

ಆಮೇಲೆ ನಡೆದದ್ದು ಈ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನಿರ್ದೇಶಕರಿಗೆ ಒಂದು ಪತ್ರ ಬಂತು, ಸಹಿಯಿಲ್ಲದ್ದು. ಮೇಡಂ ಅವರ ಉಲ್ಲೇಖಗಳು ವ್ಯವಸ್ಥಿತವಾಗಿ ತಯಾರಾದವು ಎಂಬ ದೂರು. ವಿಚಾರಣಾ ಸಮಿತಿ ಕೂತಿತು. ಹನ್ನೊಂದು ತಿಂಗಳು ನಡೆಯಿತು. ಮೇಡಂ ನಿವೃತ್ತಿಯ ನಂತರ ಮೂರು ವರ್ಷ ಮುಂದುವರಿಯಲು ಅರ್ಜಿ ಹಾಕಿದ್ದರು. ಪ್ರಯೋಗಾಲಯದಲ್ಲಿ ಅವರ ಕೆಲಸ ಅರ್ಧಕ್ಕೆ ನಿಂತಿದೆ, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಕಡತ ತೆರೆದಿರುವಾಗ ಮುಂದುವರಿಕೆ ಕೊಡಲಾಗದು ಎಂದು ನಿರ್ದೇಶಕರು ಹೇಳಿದರು. ನಿಯಮದಂತೆ ಸರಿಯಾಗಿಯೇ ಹೇಳಿದರು. ಕೂಟ ಇತ್ತೆಂಬುದಕ್ಕೆ ಸಮಿತಿಗೆ ಏನೂ ಸಿಗಲಿಲ್ಲ. ಆದರೆ ತಪ್ಪಿನ ಮೂಲ ಗೊತ್ತಾಗದೆ ಕಡತ ಮುಚ್ಚಲೂ ಇಲ್ಲ. ಇವತ್ತು ಮೇಡಂ ಅವರ ಸೇವೆಯ ಕೊನೆಯ ದಿನ. ಸಂಜೆ ಐದಕ್ಕೆ ಕಚೇರಿ ಮುಚ್ಚಿದರೆ ಅರ್ಜಿಯೂ ತಾನಾಗಿ ಬಿದ್ದುಹೋಗುತ್ತದೆ.

ಆ ಪತ್ರ, ಅದನ್ನು ಯಾರೇ ಬರೆದಿರಲಿ, ಒರಟಾದ ಪತ್ರವಲ್ಲ. ಎರಡೇ ಪುಟ. ಅಂಕಿಗಳೆಲ್ಲ ಸರಿಯಾಗಿದ್ದವು. ಮೊದಲ ಕರಡಿನಲ್ಲಿದ್ದ 'ವಂಚನೆ' ಎಂಬ ಪದವನ್ನು ಮೂರನೆಯ ಕರಡಿನಲ್ಲಿ ತೆಗೆದು 'ಅಸಹಜತೆ' ಎಂದು ಹಾಕಲಾಗಿತ್ತು.

ಅಂಕಿಅಂಶ ವಿಭಾಗದ ಪ್ರಾಧ್ಯಾಪಕಿ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಾರೆ. ನಮ್ಮಲ್ಲಿ ಕೇಳಿಸಿಕೊಳ್ಳುವವರು ಒಬ್ಬರಾದರೂ ಇದ್ದಾರೆ. ಹೌದು, ಕರಡುಗಳ ವಿಷಯ ನನಗೆ ಹೇಗೆ ಗೊತ್ತು ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಬರುತ್ತೇನೆ. ಸ್ವಲ್ಪ ನೀರು ಕುಡಿಯುತ್ತೇನೆ.

ಬಾಟಲಿಯ ಮುಚ್ಚಳ ಮೊದಲೇ ಬಿಚ್ಚಿದೆ. ಪರವಾಗಿಲ್ಲ.

ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: 'ಸರಿಯಾದ ಪುಟಗಳು ನೂರ ಹದಿನೆಂಟರಿಂದ ನೂರ ಮೂವತ್ತೊಂದು.' ಆ ಸಾಲು ದೂರಿಗೆ ಬೇಕಿರಲಿಲ್ಲ. ತಪ್ಪು ಎಂದರೆ ಸಾಕಿತ್ತು. ಆದರೆ ಸರಿ ಏನೆಂದು ಹೇಳದೆ ಬಿಡಲು ಕೆಲವರಿಗೆ ಕೈ ಬರುವುದಿಲ್ಲ.

ನಮ್ಮ ಗ್ರಂಥಾಲಯದ ನೆಲಮಾಳಿಗೆ ನಿಮಗೆ ಗೊತ್ತು. ಹಳೆಯ ಸಂಪುಟಗಳಿಗೆ ಅಲ್ಲಿ ಈಗಲೂ ಚೀಟಿ ಪದ್ಧತಿ. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ತಾರೀಕು ಬರೆದು ಸಹಿ ಹಾಕಬೇಕು. ಸಂಪುಟ ತೆಗೆದುಕೊಂಡವನು ಸಹಿ ಹಾಕಿದ. ಪುಟ ನೋಡಿ ಬಂದುಬಿಡಬೇಕೆಂದು ಹೋಗಿದ್ದವನು ಕಪಾಟಿನ ನಡುವೆ ನಿಂತುಕೊಂಡೇ ಹದಿನಾಲ್ಕು ಪುಟ ಓದಿದ. ಮುಗಿದಾಗ ಮುಗಿಯಬಾರದಿತ್ತು ಅನ್ನಿಸಿತು. ಒಂದು ವಾಕ್ಯವೂ ಹೆಚ್ಚಿಲ್ಲ. ತನಗೆ ತಿಳಿಯದ್ದನ್ನು ತಿಳಿಯದು ಎಂದೇ ಬರೆದಿದ್ದರು, ನಮ್ಮ ನಡುವೆ ಅಪರೂಪದ ಅಭ್ಯಾಸ. ಆಗ ನನಗೆ ಬಂದದ್ದು ಸಂತೋಷವಲ್ಲ. ಇಂಥದ್ದನ್ನು ಬರೆದವರಿಗೆ ಮೋಸದ ಅಗತ್ಯವಿರಲಿಲ್ಲ ಎಂಬ ಯೋಚನೆ ಒಂದು ಕ್ಷಣ ಬಂತು, ಬಂದ ಯೋಚನೆಯನ್ನು ಪಕ್ಕಕ್ಕಿಟ್ಟೆ. ಮೆಟ್ಟಿಲು ಹತ್ತಿ ಮೇಲೆ ಬಂದು, ಗ್ರಂಥಾಲಯದ ಸಾರ್ವಜನಿಕ ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡಿದೆ.

ಹೌದು. 'ಅವನು' ಎಂದು ಶುರುಮಾಡಿ 'ನಾನು' ಎಂದು ಮುಗಿಸಿದೆ. ಪತ್ರ ಬರೆದವನು ನಾನು.



ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಇನ್ನೂ ಇದೆ. ವಿಚಾರಣಾ ಸಮಿತಿಗೆ ಕಾರ್ಯದರ್ಶಿ ಯಾರು? ನಡಾವಳಿ ಬರೆದುಕೊಂಡವರು ಯಾರು? ನಿರ್ದೇಶಕರು ನನ್ನನ್ನೇ ನೇಮಿಸಿದ್ದರು. "ನಿಮ್ಮಷ್ಟು ಎಚ್ಚರಿಕೆ ಯಾರಿಗಿದೆ" ಎಂದರು. ಬೇಡ ಎಂದರೆ ಅನುಮಾನ ಬರುತ್ತದೆ ಎಂದು ಒಪ್ಪಿಕೊಂಡೆ.

ಆರನೆಯ ಸಭೆ. ಕಿಟಕಿಯಿಲ್ಲದ ಆ ಚಿಕ್ಕ ಕೋಣೆ, ಉದ್ದನೆಯ ಮೇಜು, ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಮೇಡಂ ನನ್ನ ಎದುರಿಗೆ ಕುಳಿತಿದ್ದರು. ಸಮಿತಿಯ ಅಧ್ಯಕ್ಷರು ಕೇಳಿದರು: "ಈ ಪುಟಸಂಖ್ಯೆಯ ತಪ್ಪು ಎಲ್ಲಿಂದ ಶುರುವಾಯ್ತು, ನಿಮಗೆ ಗೊತ್ತಾ?"

"ಗೊತ್ತು" ಎಂದರು ಮೇಡಂ.

"ಹೇಳಿ ಮತ್ತೆ."

"ಹೇಳಲ್ಲ."

"ಅಲ್ಲ ಮೇಡಂ, ಹೇಳಿದ್ರೆ ಕಡತ ಮುಚ್ಚಿಹೋಗುತ್ತೆ. ನಿಮ್ಮ ಒಳ್ಳೇದಕ್ಕೇ."

"ಹೇಳ್ಬೇಕಾದವರು ಬೇರೆ ಇದಾರೆ. ಅವರಿಗೆ ಗೊತ್ತಾದಾಗ ಹೇಳ್ತಾರೆ."

ನಾನು ಬರೆದುಕೊಂಡೆ: 'ಮೂಲವನ್ನು ತಿಳಿಸಲು ನಿರಾಕರಿಸಿದರು.' ಬರೆಯುವಾಗ, ಮುಚ್ಚಿಡುವಂಥದ್ದು ಇದ್ದೇ ಇದೆ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಕಡತ ತೆರೆದೇ ಉಳಿದದ್ದು ಆ ಒಂದು ವಾಕ್ಯದಿಂದ.

ಆಮೇಲೆ ಅಧ್ಯಕ್ಷರು, ದೂರು ಕೊಟ್ಟವರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಮೇಡಂ ಮಿಣುಕುವ ಟ್ಯೂಬ್‌ಲೈಟ್ ನೋಡುತ್ತಾ, "ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿಬಿಡಿ. ಇಷ್ಟು ವರ್ಷದಲ್ಲಿ ಆ ಸಂಪುಟ ತೆಗೆದು ಓದಿದ ಮನುಷ್ಯ ಅವನೊಬ್ಬನೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ, ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು.

'ಅವನು' ಎಂದಿದ್ದರು. ಪತ್ರ ಬರೆದದ್ದು ಗಂಡಸು ಎಂದು ಅವರಿಗೆ ಹೇಗೆ ಗೊತ್ತು? ಆ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಯಲ್ಲೇ ಓಡಾಡುತ್ತಿದೆ. ಆಮೇಲೂ ಕ್ಯಾಂಟೀನಿನಲ್ಲಿ ನನ್ನ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಮಗಳ ಪರೀಕ್ಷೆ ವಿಚಾರಿಸುತ್ತಿದ್ದರು. ಇವರಿಗೆ ಗೊತ್ತಿದೆಯೋ ಇಲ್ಲವೋ ಎಂದು ನಾನು ಅವರ ಲೋಟ, ಅವರ ಕಣ್ಣು, ಸಕ್ಕರೆ ಕಲಸುವ ರೀತಿ ಎಲ್ಲವನ್ನೂ ಪರೀಕ್ಷಿಸಿದೆ. ಏನೂ ಸಿಗಲಿಲ್ಲ. ಏನೂ ಸಿಗದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ತಂದೆಯ ಮಗ.

ಕಳೆದ ಗುರುವಾರ ಅವರ ಕೋಣೆ ಖಾಲಿ ಮಾಡಲು ಸಹಾಯಕ್ಕೆ ಹೋಗಿದ್ದೆ. ಪುಸ್ತಕಗಳನ್ನು ಡಬ್ಬಗಳಿಗೆ ತುಂಬಿ ಆಗಿತ್ತು. ಗೋಡೆಯ ಮೇಲೆ ಒಂದು ಚಿಕ್ಕ ಚೌಕಟ್ಟು ಉಳಿದಿತ್ತು. ಅದು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದೆ. ಅದರೊಳಗೆ ಇರುವುದು ಅವರಿಗೆ ಸಿಕ್ಕ ಮೊದಲ ಉಲ್ಲೇಖದ ಪುಟ, ಬರೆದವನು ನಾನು. ಕೆಲಸಕ್ಕೆ ಸೇರಿದ ವರ್ಷ ನಾನು ಬರೆದ ಮೊದಲ ಲೇಖನದ ಕೊನೆಯ ಹಾಳೆ. ಅವರು ಕರಡು ಕೊಟ್ಟಿದ್ದರು, ಓದಿ ಬೆರಗಾಗಿ ಉಲ್ಲೇಖಿಸಿದ್ದೆ. ಪುಟಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು, ನಾನು ಟೈಪ್ ಮಾಡಿದ್ದೆ. ಆಗ ಆ ಹಾಳೆಗೆ ಚೌಕಟ್ಟು ಹಾಕಿಸಿದ್ದು ನೋಡಿ ನನಗೆ ತಿಂಗಳುಗಟ್ಟಲೆ ಹೆಮ್ಮೆ.

ಚೌಕಟ್ಟನ್ನು ಮೊಳೆಯಿಂದ ಕೆಳಗಿಳಿಸಿ, ಧೂಳು ಒರೆಸಿ, ಬೆಳಕಿಗೆ ಹಿಡಿದೆ. ಪಟ್ಟಿಯಲ್ಲಿ ಏಳನೆಯದು ಅವರ ಲೇಖನ. ಪುಟ ನೂರ ಎಂಬತ್ತೊಂದರಿಂದ ನೂರ ಮೂವತ್ತೊಂದು. ಕೆಳಗೆ ತೆಳುವಾದ ಪೆನ್ಸಿಲ್ ಗೆರೆ.

ನೂರ ಹದಿನೆಂಟರ ಎಂಟು ಒಂದುಗಳನ್ನು ಅದಲುಬದಲು ಮಾಡಿದವನು ನಾನು. ಅದೇ ಪಟ್ಟಿಯನ್ನು ಲೇಖನದಿಂದ ಲೇಖನಕ್ಕೆ ಅಂಟಿಸಿಕೊಂಡು ಬಂದವನು ನಾನು. ವಿಭಾಗದ ಜಾಲತಾಣಕ್ಕೆ ಹಾಕಿದವನೂ ನಾನೇ. ಲೋಕ ಅಲ್ಲಿಂದ ಎತ್ತಿಕೊಂಡಿತು.

ಐದು ತಿಂಗಳು ಎಣಿಸಿದವನಿಗೆ ಇದು ಯಾಕೆ ಕಾಣಲಿಲ್ಲ ಎಂದು ಕೇಳುತ್ತೀರಿ. ಸಂಶೋಧಕರಿಗೆ ಅರ್ಥವಾಗುತ್ತದೆ. ಉಲ್ಲೇಖಗಳನ್ನು ತನಿಖೆ ಮಾಡುವಾಗ ಒಂದೇ ವಿಭಾಗದವರು ಪರಸ್ಪರ ಕೊಟ್ಟದ್ದನ್ನು ಮೊದಲೇ ಪಕ್ಕಕ್ಕಿಡುವುದು ನಮ್ಮ ರೂಢಿ. ನಾನೂ ರೂಢಿಯಂತೆ ನಮ್ಮ ವಿಭಾಗದ ಎಲ್ಲ ಲೇಖನಗಳನ್ನು ಪಟ್ಟಿಯಿಂದ ತೆಗೆದಿದ್ದೆ. ಮೊದಲು ತೆಗೆದದ್ದು ನನ್ನವು.

"ಇದನ್ನ ಯಾವಾಗ ನೋಡಿದ್ರಿ?" ಎಂದು ಮೇಡಂ ಅವರನ್ನು ಕೇಳಿದೆ.

"ಅವತ್ತೇ ನೋಡಿದ್ದೆ ಕಣಯ್ಯಾ."

"ಹೇಳ್ಬಾರ್ದಿತ್ತಾ?"

"ನನ್ನ ಲೇಖನ ಓದಿ ಬರೆದ ಮೊದಲನೇ ಮನುಷ್ಯ. ಅವನ ಹತ್ರ ಹೋಗಿ ಪುಟ ತಪ್ಪು ಅಂತ ಹೇಳೋದಾ? ಆಮೇಲೆ ಅದು ಊರೆಲ್ಲ ತಿರುಗಿತು. ಆಗ ಹೇಳಿದ್ರೆ ನಿಂಗೆ ನಾಚಿಕೆ ಆಗುತ್ತೆ ಅಂತ ಸುಮ್ನಾದೆ. ನಂದೂ ತಪ್ಪೇ. ಆ ಹಗ್ಗ ಇಲ್ಲಿ ಕೊಡು."

ಹಗ್ಗ ಕೊಟ್ಟೆ. ಅವರು ಡಬ್ಬ ಕಟ್ಟಿದರು. ಪತ್ರ ಬರೆದವನು ನಾನೇ ಎಂದು ಅವತ್ತೂ ಹೇಳಲಿಲ್ಲ, ಶುಕ್ರವಾರವೂ ಹೇಳಲಿಲ್ಲ. ಈ ಭಾಷಣವನ್ನು ಬೇರೆ ರೀತಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದು ನನ್ನ ಎಡಗಡೆಯ ಜೇಬಿನಲ್ಲಿದೆ, ಒಳ್ಳೆಯ ಭಾಷಣ, ಅದರಲ್ಲಿ ದೀಪಸ್ತಂಭ ಎಂಬ ಪದ ಮೂರು ಸಲ ಬರುತ್ತದೆ.

ಇವತ್ತು ಬೆಳಿಗ್ಗೆ, ನಿಮ್ಮ ಮುಂದೆ ಸರಿಯಾದ ಪುಟವನ್ನು ಓದಬೇಕೆಂದು ಎರಡನೆಯ ಸಲ ಖಚಿತ ಮಾಡಿಕೊಳ್ಳಲು ನೆಲಮಾಳಿಗೆಗೆ ಹೋದೆ. ಗ್ರಂಥಪಾಲಕರು ಸಂಪುಟ ಕೊಡುತ್ತಾ, "ಇದನ್ನ ತಗೊಂಡವರು ನೀವಿಬ್ಬರೇ ಸಾರ್" ಎಂದರು. ಇಬ್ಬರೇ? ಚೀಟಿ ನೋಡಿದೆ. ನನ್ನ ಸಹಿ. ಅದರ ಕೆಳಗೆ ಮೇಡಂ ಅವರ ಸಹಿ. ತಾರೀಕು, ಸಮಿತಿಯ ಆರನೆಯ ಸಭೆಗೆ ಎರಡು ದಿನ ಮುಂಚೆ.

ಸರಿಯಾದ ಪುಟವನ್ನು ಪತ್ರದಲ್ಲಿ ಬರೆದವನು ಈ ಸಂಪುಟ ತೆಗೆದವನೇ ಆಗಿರಬೇಕು, ಅವತ್ತು ಚೀಟಿಯಲ್ಲಿದ್ದದ್ದು ನನ್ನ ಒಂದೇ ಸಹಿ. ಅಂದರೆ ಆ ಕೋಣೆಯಲ್ಲಿ ನನ್ನ ಎದುರಿಗೆ ಕುಳಿತಾಗ ಅವರಿಗೆ ಎರಡೂ ಗೊತ್ತಿತ್ತು. ತಪ್ಪು ಮಾಡಿದವನೂ ಪತ್ರ ಬರೆದವನೂ ಒಬ್ಬನೇ, ಅವನೇ ಎದುರಿಗೆ ಕೂತು ನಡಾವಳಿ ಬರೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಿತ್ತು. ನನ್ನತ್ತ ಬೆರಳು ತೋರಿಸಿದ್ದರೆ ಅವರಿಗೆ ಮೂರು ವರ್ಷ ಸಿಗುತ್ತಿತ್ತು.

ಯಾಕೆ ತೋರಿಸಲಿಲ್ಲ? ಇವತ್ತು ಯಾಕೆ ನನ್ನನ್ನೇ ಇಲ್ಲಿ ನಿಲ್ಲಿಸಿದರು? ದಯೆಯೇ? ಬೋನೇ? ಬೆಳಿಗ್ಗೆಯಿಂದ ಎರಡಲ್ಲ, ಇಪ್ಪತ್ತು ಸಲ ಪರೀಕ್ಷಿಸಿದೆ. ಎರಡರಲ್ಲಿ ಯಾವುದಾದರೂ ನಾನು ಮಾಡಬೇಕಾದದ್ದು ಒಂದೇ, ಆದ್ದರಿಂದ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನನ್ನ ವೃತ್ತಿಯಲ್ಲಿ ಇದು ಮೊದಲ ಸಲ.

ನಿರ್ದೇಶಕರೇ, ಬಲಗಡೆಯ ಜೇಬಿನಲ್ಲಿದ್ದ ಲಕೋಟೆ ಇದು. ಒಳಗೆ ಎರಡು ಹಾಳೆಗಳಿವೆ. ಒಂದು, ದೂರನ್ನು ಹಿಂತೆಗೆದುಕೊಳ್ಳುವ ಪತ್ರ. ಇನ್ನೊಂದು, ತಪ್ಪಿನ ಮೂಲ ಯಾವುದು ಎಂಬ ಹೇಳಿಕೆ, ಚೌಕಟ್ಟಿನ ಹಾಳೆಯ ಪ್ರತಿಯೊಂದಿಗೆ. ಈ ಸಲ ಎರಡಕ್ಕೂ ಸಹಿ ಇದೆ. ನಾಳೆಯಿಂದ ವಿಭಾಗದ ಮುಖ್ಯಸ್ಥನ ಕುರ್ಚಿ ನನ್ನದು ಎಂದು ಮಾತಾಗಿತ್ತು. ಆ ಮಾತನ್ನು ತಾವು ಮರೆಯಬಹುದು. ಸಮಯ ನನ್ನ ಗಡಿಯಾರದಲ್ಲಿ ನಾಲ್ಕು ಗಂಟೆ ಆರು ನಿಮಿಷ, ಗೋಡೆಯದರಲ್ಲಿ ನಾಲ್ಕು ಗಂಟೆ ನಾಲ್ಕು ನಿಮಿಷ. ಯಾವುದನ್ನು ನಂಬಿದರೂ ಐದಾಗಿಲ್ಲ. ಕಚೇರಿಯ ಗುಮಾಸ್ತರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಮೊಹರು ಅವರ ಚೀಲದಲ್ಲೇ ಇರುತ್ತದೆ, ನೋಡಿದ್ದೇನೆ.

ತಗೊಳ್ಳಿ ಸರ್. ದಯವಿಟ್ಟು.

ಮೇಡಂ, ತಮ್ಮ ಲೇಖನದ ಕೊನೆಯ ಪ್ಯಾರಾದಲ್ಲಿ, ನೂರ ಮೂವತ್ತೊಂದನೆಯ ಪುಟದ ನಡುವೆ, ಪ್ರತಿಗಳನ್ನು ತಿದ್ದುತ್ತಾ ಕೂರಬೇಡಿ, ಮೊದಲ ಪ್ರತಿ ಬರೆದವನನ್ನು ಹುಡುಕಿ ಎಂದಿದ್ದೀರಿ. ತಾವು ಹುಡುಕಿ, ಸಿಕ್ಕಿದವನನ್ನು ಇಪ್ಪತ್ತೆರಡು ವರ್ಷ ಗೋಡೆಯ ಮೇಲೆ ಇಟ್ಟುಕೊಂಡಿರಿ. ಅವನು ಇವತ್ತು ಕೆಳಗಿಳಿದಿದ್ದಾನೆ.

ತಾವು ನಗುತ್ತಿದ್ದೀರೋ ಇಲ್ಲವೋ ನನಗೆ ಕಾಣುತ್ತಿಲ್ಲ, ತಿರುಗಿ ನೋಡುವ ಧೈರ್ಯವೂ ಇಲ್ಲ. ಎದುರಿಗೆ ತಮ್ಮ ತಂಗಿಯ ಮುಖ ಕಾಣುತ್ತಿದೆ. ಅವರು ನಗುತ್ತಿಲ್ಲ, ಅದೇ ಸರಿ.

ಕೊನೆಯದಾಗಿ ಒಂದು ಕೋರಿಕೆ. ಸಮಾರಂಭದ ಸಮಿತಿಯವರಲ್ಲಿ ಯಾರಾದರೂ ದಪ್ಪನೆಯ ಕಪ್ಪು ಪೆನ್ನು ತಂದುಕೊಡಿ. ಬ್ಯಾನರ್ ಇಳಿಸುವ ಮುಂಚೆ ಎಂಟು ಒಂದುಗಳನ್ನು ನಾನೇ ಸರಿಮಾಡುತ್ತೇನೆ. ಫೋಟೋ ತೆಗೆಯುವವರು ಅಲ್ಲಿಯವರೆಗೆ ಕಾಯಬೇಕು. ನಾಳೆ ಇದನ್ನು ನೋಡಿ ನಕಲು ಮಾಡುವವರು ಇದ್ದೇ ಇರುತ್ತಾರೆ.

ಹನ್ನೆರಡು ನಿಮಿಷ ಮೀರಿದ್ದಕ್ಕೆ ಕ್ಷಮೆ ಇರಲಿ. ಎದ್ದುಹೋಗದೆ ಕೂತದ್ದಕ್ಕೆ ಬಾಗಿಲ ಪಕ್ಕದ ಸಭಿಕರಿಗೆ ವಿಶೇಷ ವಂದನೆ. ನೂರ ಹದಿನೆಂಟರಿಂದ ನೂರ ಮೂವತ್ತೊಂದು, ದಯವಿಟ್ಟು ಬರೆದುಕೊಳ್ಳಿ. ನಮಸ್ಕಾರ.